ದೇವರ ಆವು ತಿಂದ ಅಂಗಿ

ನನ್ನ ಮೊಮ್ಮಗಳ ಗುಂಪಿಗೆ ಐದನೆಯ ಆಳು ಬೇಕಾಗಿತ್ತು. ಹೊಲದ ಆಳಲ್ಲ, ಬಂದೂಕು ಹಿಡಿಯುವ ಆಳು. ಬಂದೂಕೂ ನಿಜವಾದದ್ದಲ್ಲ. ನೋಡಲಿಕ್ಕೆ ಪೊಲೀಸಿನವರ ಕೈಯಲ್ಲಿರುವ ಹಾಗೇ ಇರುತ್ತದೆ, ಒಳಗಿಂದ ಬರುವುದು ಮಾತ್ರ ಬಟಾಣಿಗಿಂತ ಸಣ್ಣದಾದ ಪ್ಲಾಸ್ಟಿಕ್ ಗುಂಡು. ಬಿದ್ದರೆ ಕೆಂಜಿಗ ಕಚ್ಚಿದ ಹಾಗೆ ಚುರುಕ್ಕೆನ್ನುತ್ತದೆ, ಅಷ್ಟೇ. ಈ ಆಟಕ್ಕೆ ಏರ್‌ಸಾಫ್ಟ್ ಅನ್ನುತ್ತಾರೆ.

ಆಡುವ ಜಾಗ ಕಾಮಯಗೌಂಡನ್‌ಪಟ್ಟಿ ದಾಟಿ ಬೆಟ್ಟದ ಬುಡದಲ್ಲಿದೆ. ಮೊದಲು ಅದು ದ್ರಾಕ್ಷಿ ತೋಟ. ನಾನೇ ಅಲ್ಲಿ ಗೊನೆ ಕತ್ತರಿಸಲು ಕೂಲಿಗೆ ಹೋಗಿದ್ದೇನೆ. ಬಳ್ಳಿ ಕಿತ್ತು ಹಾಕಿದರು, ಕಲ್ಲುಕಂಬಗಳು ಮಾತ್ರ ಸಾಲಾಗಿ ಉಳಿದವು. ಕೊಯಮತ್ತೂರಿನಲ್ಲಿ ಇದ್ದು ಬಂದ ಒಬ್ಬ ಅದನ್ನು ಗುತ್ತಿಗೆ ಹಿಡಿದು, ಸುತ್ತ ಬಲೆ ಕಟ್ಟಿ, ಬಾಡಿಗೆಗೆ ಬಂದೂಕು ಇಟ್ಟು, ಆಟದ ಮೈದಾನ ಮಾಡಿದ. ಒಂದು ಮೂಲೆಯಲ್ಲಿ ಹಳೆಯ ಪಂಪ್‌ಮನೆ, ಇನ್ನೊಂದು ಮೂಲೆಯಲ್ಲಿ ಬೇವಿನ ಮರ. ಒಂದು ಗುಂಪು ಪಂಪ್‌ಮನೆಯಲ್ಲಿ ಬಾವುಟ ಇಟ್ಟು ಕಾಯಬೇಕು, ಇನ್ನೊಂದು ಗುಂಪು ಅದನ್ನು ಕಿತ್ತು ಬೇವಿನ ಮರಕ್ಕೆ ತರಬೇಕು. ಗುಂಡು ತಗುಲಿದವರು ಕೈ ಎತ್ತಿ ‘ಹಿಟ್’ ಎಂದು ಕೂಗಿ ಮರದಡಿ ಹೋಗಿ ಕೂರಬೇಕು.

ತೊಂದರೆ ಇರುವುದು ಇಲ್ಲಿಯೇ. ಈ ಗುಂಡು ಬಣ್ಣ ಹಚ್ಚುವುದಿಲ್ಲ, ಗುರುತು ಬಿಡುವುದಿಲ್ಲ. ತಗುಲಿದವನೇ ತಗುಲಿತು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದವನನ್ನು ಯಾರೂ ಏನೂ ಮಾಡುವ ಹಾಗಿಲ್ಲ. ಹುಡುಗರ ಗುಂಪಿನ ನಾಯಕ ಇಂಥವನು. ಕಂಬಂನಲ್ಲಿ ಗೊಬ್ಬರದಂಗಡಿಯಲ್ಲಿ ಕೂರುವ ಉದ್ದನೆಯ ಆಸಾಮಿ, ಈ ತಮಿಳು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮ ಜನವೇ. ಅವನ ಅಜ್ಜಿಯೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಎದೆಗೆ ಟಪ್ಪೆಂದು ಸದ್ದಾದರೂ “ಗಾಳಿ ಬಡೀತು” ಎಂದು ನಡೆದುಬಿಡುತ್ತಿದ್ದನಂತೆ. ಮೊಮ್ಮಗಳು ಪ್ರತಿ ವಾರ ಮನೆಗೆ ಬಂದು ಅವನನ್ನು ಬೈದೇ ಊಟಕ್ಕೆ ಕೂರುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಮೈದಾನದಲ್ಲಿ ಭಾನುವಾರ ಬೆಳಗಿನ ಹೊತ್ತು ಒಂದೇ ಆಟ. ಆ ಹೊತ್ತು ಹುಡುಗರಿಗೂ ಬೇಕು, ಹುಡುಗಿಯರಿಗೂ ಬೇಕು. ವಾರವಾರ ಜಗಳ ಕೇಳಿ ಸಾಕಾದ ಮೈದಾನದವನು, ಬರುವ ಭಾನುವಾರ ಐದೈದು ಜನ ಆಡಿ, ಗೆದ್ದವರಿಗೆ ಆ ಹೊತ್ತು, ಸೋತವರಿಗೆ ವಾರದ ದಿನದ ಮಧ್ಯಾಹ್ನ ಎಂದು ತೀರ್ಮಾನ ಹೇಳಿದ. ಐದು ಜನ ಸೇರದಿದ್ದರೆ ಆಡದೆಯೇ ಸೋತ ಹಾಗೆ. ಹುಡುಗರಿಗೆ ಮಧ್ಯಾಹ್ನವಾದರೂ ನಡೆಯುತ್ತದೆ. ನನ್ನ ಮೊಮ್ಮಗಳು ದಿಂಡುಕಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವವಳು. ಶನಿವಾರ ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ ಊರಿಗೆ ಬಂದು ಭಾನುವಾರ ಸಂಜೆ ಮತ್ತೆ ಹೊರಡಬೇಕು. ಉಳಿದವರಲ್ಲಿ ಇಬ್ಬರು ತೇನಿಯಲ್ಲಿ ಬಟ್ಟೆ ಹೊಲಿಯುವ ಕಡೆ, ಒಬ್ಬಳು ದ್ರಾಕ್ಷಿ ಪೆಟ್ಟಿಗೆ ಕಟ್ಟುವ ಕಡೆ. ಭಾನುವಾರ ಹೋದರೆ ಅವರ ಆಟವೇ ಹೋಯಿತು.

ಐದನೆಯವಳಿಗೆ ಅದೇ ವಾರ ಮದುವೆ ನಿಶ್ಚಯವಾಯಿತು. ಗಂಡಿನ ಮನೆಯವರು ಬಂದೂಕಿನ ಫೋಟೋ ನೋಡಿ ಬೇಡ ಅಂದರು. ಮೊಮ್ಮಗಳು ಜಗಲಿಯ ಮೇಲೆ ಕೂತು ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬಳಿಗೆ ಹಲ್ಲು ನೋವು, ಒಬ್ಬಳಿಗೆ ಅತ್ತೆ. ಕೊನೆಗೆ ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

“ನಾ ಬತ್ತೀನಿ” ಅಂದೆ.

“ಎಲ್ಲಿಗೆ?”

“ಆಟಕ್ಕೆ.”

“ಅಜ್ಜೀ, ಸುಮ್ಮಾ ಇರು. ಓಡ್ಬೇಕು ಅಲ್ಲಿ.”

“ಓಡದೆ ಆಡೋದು ಒಂದೂ ಇಲ್ವಾ?”

ಅವಳು ನನ್ನ ಕಡೆ ತಿರುಗಿ ಕೂತಳು. “ಅದೆ. ಸ್ನೈಪರ್. ದೂರದಿಂದ ಹೊಡಿಯೋಳು. ಯಾರಿಗೂ ಕಾಣದಂಗೆ ಮಲ್ಗಿರ್ಬೇಕು.”

“ಮಲಗಕ್ಕೆ ನಂಗೆ ಬತ್ತದೆ.”

ನನ್ನ ಮಗ ಸ್ನಾನ ಮಾಡಿ ಬರುತ್ತಿದ್ದವನು ನಿಂತುಬಿಟ್ಟ. “ಅಮ್ಮಾ, ಊರೇ ನಗ್ತದೆ.”

“ನಗ್ಲಿ. ಹಲ್ಲಿಗೆ ಗಾಳಿ ಆಡ್ತದೆ.”

ನನ್ನ ಗಂಡ ಒಳಗಿನಿಂದ, ಯಾರೂ ಕೇಳದಿದ್ದರೂ ಹೇಳಿದರು: “ಇವ್ಳು ಮಲಗಿದ್ರೆ ಗೊರ್ಕೆ ಹೊಡೀತಾಳೆ. ಕಂಬಂ ಬಸ್‌ಸ್ಟ್ಯಾಂಡಿಂದ್ಲೇ ಎದ್ರಾಳಿಗೆ ಗೊತ್ತಾಯ್ತದೆ.”

ಯಾರು ಏನಂದರೂ ನಾನು ಒಂದು ಸಲ ಬರುತ್ತೇನೆ ಅಂದಮೇಲೆ ಬರುತ್ತೇನೆ. ಇದು ಗೊತ್ತಿದ್ದರಿಂದ ಯಾರೂ ಮತ್ತೆ ಕೇಳಲಿಲ್ಲ.

ಆಟಕ್ಕೆ ಇನ್ನೂ ಒಂದು ವಾರವಿತ್ತು. ಕಾಲೇಜಿಗೆ ರಜೆಯಿದ್ದ ವಾರವದು. ಮೊಮ್ಮಗಳು ಮೈದಾನದಿಂದ ಉದ್ದನೆಯ ಬಂದೂಕನ್ನು ತಂದು ನಮ್ಮ ಮನೆಯ ಹಿಂದಿನ ಹೊಲದಲ್ಲಿ ನನಗೆ ಕಲಿಸಿದಳು. ಪ್ರತಿ ಗುಂಡಿಗೂ ಒಂದು ಸಲ ಪಕ್ಕದ ಹಿಡಿಯನ್ನು ಹಿಂದಕ್ಕೆಳೆದು ಬಿಡಬೇಕು. ಅವಸರದವರಿಗೆ ಆಗುವ ಬಂದೂಕಲ್ಲ. ನನ್ನ ಬಲಗಣ್ಣಿಗೆ ಪೊರೆ ತೆಗೆದು ಹೊಸ ಮಸೂರ ಹಾಕಿದ್ದಾರೆ. ಅದರಲ್ಲಿ ಸೂಜಿಯ ಕಣ್ಣು ಕಾಣುವುದಿಲ್ಲ, ಬೆಟ್ಟದ ಮೇಲಿನ ಮೇಕೆ ಕಾಣುತ್ತದೆ. ಆದರೂ ಮೊದಲ ಎರಡು ದಿನ ನಾನು ಹೊಡೆದದ್ದೆಲ್ಲ ಹೋದದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ. ಮೂರನೆಯ ದಿನ ಕಲ್ಲಿನ ಮೇಲಿಟ್ಟ ತೆಂಗಿನ ಚಿಪ್ಪು ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು.

“ಹೊಡಿಯೋದು ಸುಲಭ ಅಜ್ಜೀ” ಎಂದಳು ಅವಳು. “ಕಾಣದಂಗೆ ಇರೋದೇ ಕಷ್ಟ. ಮೊದ್ಲು ಅದ್ನ ಕಲಿ.”

ಅದಕ್ಕೆ ಅವಳ ಹತ್ತಿರ ಒಂದು ಅಂಗಿ ಇತ್ತು. ಗಿಲ್ಲಿ ಸೂಟ್ ಎಂದು ಅದರ ಹೆಸರು. ನಾನು ಅದನ್ನು ಜಟೆಯಂಗಿ ಎಂದು ಕರೆದೆ. ತಲೆಯಿಂದ ಮೊಣಕಾಲಿನವರೆಗೆ ಇಳಿಬೀಳುವ ಬಲೆ. ಬಲೆಯ ಕಣ್ಣುಕಣ್ಣಿಗೂ ಗೋಣಿಯ ನಾರು ಕಟ್ಟಿ, ನಾರಿಗೆ ಕಾಫಿ ಚರಟ, ಕೆಮ್ಮಣ್ಣು, ಹಸುರು ಬಣ್ಣ ಅದ್ದಿದ್ದಳು. ಹಾಸ್ಟೆಲಿನಲ್ಲಿ ರಾತ್ರಿ ಕೂತು ತಾನೇ ಕಟ್ಟಿದ್ದಂತೆ. ಒಳ್ಳೆಯ ಕೆಲಸ. ಬಂದೂಕಿಗೂ ಅದೇ ನಾರು ಸುತ್ತಿದ್ದಳು. ಕಣ್ಣಿಗೆ ಮೊದಲು ಸಿಗುವುದು ಆಕಾರ, ಆಮೇಲೆ ಅಲುಗಾಟ, ಆಮೇಲೆ ಹೊಳಪು ಎಂದು ಪಾಠ ಹೇಳಿದಳು. ಮನುಷ್ಯರ ತಲೆ, ಕೊರಳು, ಹೆಗಲು, ಈ ಗೆರೆ ಎಷ್ಟು ದೂರದಿಂದಲೂ ಗೊತ್ತಾಗುತ್ತದೆ. ಆ ಗೆರೆಯನ್ನು ಮುರಿಯುವುದಕ್ಕೇ ಈ ಜಟೆ.

ನಾನು ಅದನ್ನು ತೊಟ್ಟು ಬದುವಿನ ಹತ್ತಿರ ಬೋರಲು ಮಲಗಿದೆ. ಅವಳು ದೂರ ಹೋಗಿ ತಿರುಗಿದಳು. ತಿರುಗಿದ ಕೂಡಲೇ ನನ್ನ ಕಡೆಗೇ ಬೆರಳು ತೋರಿಸಿದಳು.

“ಏನು ಕಂಡ್ತು?”

“ಮೂಗುತಿ! ನಕ್ಷತ್ರದಂಗೆ ಮಿಣ್ ಮಿಣ್ ಅಂತದೆ. ಬಿಚ್ಚು ಅದ್ನ.”

“ಮದುವೆ ದಿನದಿಂದ ಬಿಚ್ಚಿಲ್ಲ. ಈಗ ಬಿಚ್ಚಿದ್ರೆ ಮೂಗೇ ಬತ್ತದೆ.”

ಅವಳು ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದಳು. ಬಳೆಗೆ ಬಟ್ಟೆ ಸುತ್ತಿದಳು. ಮುಖದ ಅರಿಶಿನ ತೊಳೆದು ಬಾ ಎಂದಳು. ತೊಳೆದು ಬಂದರೂ ಹಳದಿ ಹೋಗಿರಲಿಲ್ಲ. ಇಷ್ಟು ವರ್ಷ ಹಚ್ಚಿದ್ದು ಒಂದು ಚೊಂಬು ನೀರಿಗೆ ಹೋಗುತ್ತದೆಯೇ? ಕೊನೆಗೆ ಒಲೆಯ ಬೂದಿಯನ್ನೂ ಕೆಮ್ಮಣ್ಣನ್ನೂ ಕಲಸಿ ಬಳಿದಳು. ಆಮೇಲೆ ನನ್ನ ಗಂಡ ಹಿತ್ತಲಿಗೆ ಬಂದು, ನಾನು ಕಾಲ ಬುಡದಲ್ಲೇ ಇದ್ದರೂ, “ಇವ್ಳೆಲ್ಲಿ ಹೋದ್ಲು, ಕಾಫಿ ಇಲ್ವಾ?” ಎಂದು ಕೇಳಿದರು. ಅವತ್ತು ನನಗೆ ಈ ಅಂಗಿಯ ಮೇಲೆ ನಂಬಿಕೆ ಬಂತು.

ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ಪಂಗುನಿ ತಿಂಗಳು, ಬೇಸಿಗೆ ಶುರುವಾಗಿತ್ತು, ಮೈದಾನದಲ್ಲಿ ಹಸುರೇ ಇರಲಿಲ್ಲ, ಎಲ್ಲ ಒಣಗಿದ ಹುಲ್ಲು. ಗೋಣಿ ನಾರಿನ ಅಂಗಿ ನನ್ನ ಕಣ್ಣಿಗೆ ಕೆರೆಗೆ ಬಿದ್ದೆದ್ದ ಕುರಿಯ ಹಾಗೆ ಕಾಣುತ್ತಿತ್ತು. ಶನಿವಾರ ನಮ್ಮ ಬಣವೆಯಿಂದ ಜೋಳದ ಸೊಪ್ಪೆ ಎಳೆದು, ಒಣಗಿದ ಗರಿಗಳನ್ನೆಲ್ಲ ಸೀಳಿ, ಬಲೆಯ ತುಂಬ ಕಟ್ಟಿದೆ. ಬೆನ್ನಿಗೆ, ಹೆಗಲಿಗೆ, ತಲೆಗೆ ಹೆಚ್ಚಾಗಿ.

ಮೊಮ್ಮಗಳು ನೋಡಿ ತಲೆ ಚಚ್ಚಿಕೊಂಡಳು. “ಇಷ್ಟೊಂದು ಬೇಡ ಅಜ್ಜೀ. ಅಲ್ಲಿಗೋಗಿ, ಅಲ್ಲಿ ಬೆಳ್ದಿರೋ ಹುಲ್ಲನ್ನೇ ನಾಲ್ಕು ಎಸಳು ಸಿಕ್ಸ್ಕೊಂಡ್ರೆ ಸಾಕು.”

“ನಾಲ್ಕು ಎಸಳಲ್ಲಿ ನನ್ನ ಬೆನ್ನು ಮುಚ್ತದಾ? ನೋಡಿದ್ದೀಯಾ ನನ್ನ ಬೆನ್ನ?”

ಸೊಪ್ಪೆ ಸದ್ದು ಮಾಡುತ್ತದೆ ಎಂದು ಅವಳು ವಾದಿಸಿದಳು. ಅಲುಗದವಳಿಗೆ ಸದ್ದೆಲ್ಲಿಯದು ಎಂದೆ. ಸೊಪ್ಪೆಯನ್ನು ತಿನ್ನುವವರು ಯಾರು ಎಂಬುದು ಅವಳಿಗೂ ಹೊಳೆಯಲಿಲ್ಲ. ದನದ ಮನೆಯಲ್ಲೇ ಹುಟ್ಟಿ ದನದ ಮನೆಗೇ ಬಂದ ನನಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಹುಡುಗರು ಆಗಲೇ ಬಂದು ಕನ್ನಡಕ ಹಾಕಿಕೊಂಡು ನಿಂತಿದ್ದರು. ಕಣ್ಣಿಗೆ ಗುಂಡು ಬೀಳದ ಹಾಗೆ ಎಲ್ಲರಿಗೂ ದಪ್ಪ ಕನ್ನಡಕ ಕಡ್ಡಾಯ. ನಾಯಕ ನನ್ನನ್ನು ನೋಡಿ ತಮಿಳಿನಲ್ಲೇ ಮಾತು ತೆಗೆದ. ಮನೆಯಲ್ಲಿ ಕನ್ನಡವಿದ್ದರೂ ಗೆಳೆಯರ ಮುಂದೆ ಅವನಿಗೆ ತಮಿಳೇ, ಅಜ್ಜಿ ಪಾಟಿಯಾಗುತ್ತಾಳೆ, ಚಕ್ಕುಲಿ ಮುರುಕಾಗುತ್ತದೆ.

“ಏನು ಪಾಟಿ, ಮುರುಕು ಮಾರಕ್ಕೆ ಬಂದ್ರಾ?”

“ಮುರುಕು ತಿನ್ನಕ್ಕೆ ಹಲ್ಲಿರ್ಬೇಕಲ್ಲಪ್ಪಾ. ಆಟ ಮುಗೀಲಿ, ನಿಂಗೆಷ್ಟು ಹಲ್ಲು ಉಳೀತದೆ ನೋಡವಾ.”

ಅವನ ಕಡೆಯವರೇ ನಕ್ಕರು. ಅವನೂ ನಕ್ಕ. ಕೆಟ್ಟವನಲ್ಲ ಅವನು. ಸೋಲಲಾರದವನು, ಅಷ್ಟೇ. ಬಾವುಟ ಕಾಯುವ ಸರದಿ ಅವರದು, ಕೀಳುವ ಸರದಿ ನಮ್ಮದು ಎಂದಾಯಿತು.

ಆಟ ಶುರುವಾಗುವ ಮೊದಲು ಮೊಮ್ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ಪಂಪ್‌ಮನೆಗೆ ಹೋಗುವ ದಾರಿ ಒಂದೇ, ಕಂಬಗಳ ನಡುವಿನ ಒಣ ಕಾಲುವೆ. ಆ ದಾರಿಯನ್ನು ನಾಯಕನೇ ಕಾಯುತ್ತಾನೆ. ಅವನನ್ನು ಎಷ್ಟು ಸಲ ಹೊಡೆದರೂ ಅವನು ಹೋಗುವುದಿಲ್ಲ. ಅದಕ್ಕೇ ಪ್ರತಿ ಸಲ ಅಲ್ಲೇ ಸೋಲು.

“ನೀ ಹೊಡಿತಾನೇ ಇರು ಅಜ್ಜೀ. ಎಷ್ಟು ಸಲ ಇಲ್ಲ ಅಂತಾನೆ ನೋಡವಾ. ನಾ ಆ ಬೇಲಿ ಮೂಲೇಲಿ ಕಾಯ್ತಿರ್ತೀನಿ. ಅವ್ನು ಎದ್ದೋದ್ರೆ ಓಡ್ತೀನಿ.”

ನಾನು ಕಾಲುವೆಯ ಬದಿಯಲ್ಲಿ, ಎರಡು ಕಂಬಗಳ ನಡುವೆ ಒಣಹುಲ್ಲು ಎತ್ತರವಾಗಿ ಬೆಳೆದ ಜಾಗಕ್ಕೆ ತೆವಳಿ ಹೋದೆ. ಮೊಣಕಾಲಿಗೆ ಕಲ್ಲು ಚುಚ್ಚಿತು. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಯಾಕೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಬಂದೂಕಿನ ಮೂತಿಯನ್ನು ಹುಲ್ಲಿನೊಳಗೆ ತೂರಿಸಿ ಮಲಗಿದೆ. ಸೀಟಿ ಊದಿದರು.

ಕಾಣದ ಹಾಗೆ ಇರುವುದು ಎಂದರೆ ಸುಮ್ಮನೆ ಇರುವುದು ಎಂದುಕೊಂಡಿದ್ದೆ. ಹಾಗಲ್ಲ. ಇರುವೆ ಕುತ್ತಿಗೆಯೊಳಗೆ ಇಳಿಯಿತು, ಒರೆಸುವ ಹಾಗಿಲ್ಲ. ಬೂದಿ ಬೆವರಿಗೆ ಕರಗಿ ಬಾಯಿಗೆ ಬಂತು, ಉಗುಳುವ ಹಾಗಿಲ್ಲ. ಅಂಗಿಯೊಳಗೆ ಇಡ್ಲಿ ಪಾತ್ರೆಯಂಥ ಉಬ್ಬೆ. ಹುಡುಗರಲ್ಲಿ ಒಬ್ಬ ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಡೆದುಹೋದ. ಅಷ್ಟು ಹತ್ತಿರದವರಿಗೆ ಉದ್ದ ಬಂದೂಕಿನಲ್ಲಿ ಹೊಡೆಯಬಾರದು, ಅದು ನಿಯಮ. ಉಸಿರು ಹಿಡಿದು ಹೋಗಗೊಟ್ಟೆ. ಅವನು ದೂರವಾದ ಮೇಲೆ ಬೆನ್ನಿಗೆ ಬಿಟ್ಟೆ. “ಹಿಟ್!” ಎಂದು ಕೂಗಿ, ಯಾವ ಕಡೆಯಿಂದ ಬಂತು ಎಂದು ಸುತ್ತ ನೋಡುತ್ತಾ, ಮರದ ಕಡೆಗೆ ಹೋದ. ಪ್ರಾಮಾಣಿಕ ಹುಡುಗ. ಯಾರ ಮನೆಯವನೋ, ಚೆನ್ನಾಗಿರಲಿ.

ಆದರೆ ನಮ್ಮವರೂ ಹೋಗುತ್ತಿದ್ದರು. ಬಟ್ಟೆ ಹೊಲಿಯುವ ಇಬ್ಬರೂ ಅವರ ಕಡೆಯ ಇಬ್ಬರನ್ನು ಹೊಡೆದು ತಾವೂ ಬೇಗನೆ ಹೋದರು. ದ್ರಾಕ್ಷಿ ಪೆಟ್ಟಿಗೆಯವಳು ಕಾಲುವೆಯವರೆಗೂ ಬಂದು ನಾಯಕನ ಭುಜಕ್ಕೆ ಸರಿಯಾಗಿ ಹೊಡೆದಳು. ಟಪ್ಪೆಂದದ್ದು ನನಗೇ ಕೇಳಿಸಿತು.

“ತಗುಲ್ತು! ತಗುಲ್ತು!” ಎಂದಳು.

“ಎಲ್ಲಿ? ಕಂಬಕ್ಕೆ ಬಿತ್ತು” ಎಂದ ಅವನು, ಮತ್ತು ಅವಳನ್ನು ಹೊಡೆದ. ಅವಳು ಬಂದೂಕನ್ನು ನೆಲಕ್ಕೆ ಕುಕ್ಕಿ, ಅವನ ಮೂರು ತಲೆಮಾರನ್ನು ತಮಿಳಿನಲ್ಲಿ ನೆನೆಯುತ್ತಾ ಹೋದಳು.

ಈಗ ನಮ್ಮ ಕಡೆ ಉಳಿದದ್ದು ಬೇಲಿ ಮೂಲೆಯಲ್ಲಿ ಮೊಮ್ಮಗಳು, ಹುಲ್ಲಿನಲ್ಲಿ ನಾನು. ಅವರ ಕಡೆ ಕಾಲುವೆಯಲ್ಲಿ ನಾಯಕ, ಪಂಪ್‌ಮನೆಯ ಹಿಂದೆ ಇನ್ನೊಬ್ಬ. ನಾಯಕ ಕಂಬದ ಮರೆಯಲ್ಲಿ ನಿಂತಿದ್ದ, ಮೊಣಕೈ ಒಂದೇ ಕಾಣುತ್ತಿತ್ತು. ಅವನು ಹೊರಗೆ ಬರುವವರೆಗೆ ನಾನು ಅಲ್ಲೇ ಹೂತುಹೋಗುತ್ತೇನೆ ಎಂದುಕೊಂಡೆ.

ಆಗ ಹಿಂದಿನಿಂದ ಯಾರೋ ಉಸಿರು ಬಿಟ್ಟರು. ದೊಡ್ಡ ಉಸಿರು, ಬಿಸಿ. ಬೆನ್ನ ಮೇಲಿನ ಸೊಪ್ಪೆ ಚರಕ್ಕೆಂದು ಕಿತ್ತುಹೋಯಿತು. ಆಮೇಲೆ ನುರಿಸುವ ಸದ್ದು.

ತಿರುಗದೆಯೇ ಗೊತ್ತಾಯಿತು. ಕಣ್ಣಂಚಿನಲ್ಲಿ ಕೊಂಬಿಗೆ ಕಟ್ಟಿದ ಹಳದಿ ಬಟ್ಟೆ ಕಂಡಿತು. ದೇವರ ಆವು.

ನಮ್ಮ ಜನಕ್ಕೆ ಒಂದು ದೇವರ ಹಿಂಡು ಉಂಟು. ಹರಕೆಗೆ ಬಿಟ್ಟ ಹಸುಗಳು, ಹೋರಿಗಳು. ಅವುಗಳಿಗೆ ನೊಗ ಹೂಡುವಂತಿಲ್ಲ, ಅವುಗಳ ಹಾಲು ಮಾರುವಂತಿಲ್ಲ, ಕೋಲೆತ್ತುವಂತಿಲ್ಲ. ಹಿಂಡನ್ನು ನಡೆಸುವ ಪಟ್ಟದ ಹೋರಿ ಸತ್ತರೆ, ಕಬ್ಬು ಮುಂದೆ ಹಿಡಿದಾಗ ಯಾವ ಕರು ತಾನಾಗಿ ಬಂದು ತಿನ್ನುತ್ತದೆಯೋ ಅದಕ್ಕೇ ಮುಂದಿನ ಪಟ್ಟ. ಅವುಗಳ ಮುಂದೆ ಚಪ್ಪಲಿ ಹಾಕುವುದಿಲ್ಲ. ನನ್ನ ಮಾವನ ಕಾಲದಲ್ಲಿ ನೀರಿನ ಸರದಿಗೋ ಬದುವಿಗೋ ಜಗಳವಾದರೆ, ಇಬ್ಬರನ್ನೂ ಆವಿನ ಮುಂದೆ ಬರಿಗಾಲಲ್ಲಿ ನಿಲ್ಲಿಸಿ ಹೇಳು ಅನ್ನುತ್ತಿದ್ದರು. ಅಲ್ಲಿ ಸುಳ್ಳು ಹೇಳಿದವನನ್ನು ನಾನು ಕಂಡಿಲ್ಲ. ಬೆಟ್ಟದ ಬುಡದಲ್ಲಿ ಮೇಯುತ್ತಾ ಒಂದೊಂದು ಹೀಗೆ ದಾರಿ ತಪ್ಪಿ ಬರುತ್ತವೆ. ಬಲೆ ಕಟ್ಟಿದ್ದರೂ ದೇವರ ಆವು ಬಂದರೆ ಮೈದಾನದವನು ಗೇಟು ತೆಗೆಯಲೇಬೇಕು, ತೆಗೆಯದಿದ್ದರೆ ಊರಿನವರು ಅವನನ್ನು ಬಿಡುವುದಿಲ್ಲ.

ಅದು ನನ್ನ ಬೆನ್ನಿನ ಮೇಲಿನದನ್ನು ಮುಗಿಸಿ ಹೆಗಲಿಗೆ ಬಂತು. ಮನೆಯ ದನವಾಗಿದ್ದರೆ ಮೂತಿಗೆ ಒಂದು ಕೊಟ್ಟು ಓಡಿಸುತ್ತಿದ್ದೆ. ಇದಕ್ಕೆ ಕೈ ಎತ್ತುವ ಹಾಗಿಲ್ಲ. ಹುಷ್ ಅನ್ನುವ ಹಾಗೂ ಇಲ್ಲ, ನಾಯಕನಿಗೆ ಕೇಳಿಸುತ್ತದೆ. ಮೊಮ್ಮಗಳು ಎಷ್ಟು ರಾತ್ರಿ ಕೂತು ಕಟ್ಟಿದ ಅಂಗಿ ಅದು! ಸೊಪ್ಪೆಯ ಜೊತೆಗೆ ನಾರೂ ಬಲೆಯೂ ಕಿತ್ತುಬರುತ್ತಿದ್ದವು. ನಾರು ಬಂದರೆ ಉಗುಳುತ್ತಿತ್ತು, ಸೊಪ್ಪೆ ಬಂದರೆ ನುಂಗುತ್ತಿತ್ತು. ಅದರ ಜೊಲ್ಲು ನನ್ನ ಕಿವಿಗೆ ಇಳಿಯಿತು. ಬಲೆ ಎಲ್ಲಾದರೂ ಅದರ ಗಂಟಲಿಗೆ ಹೋದೀತೋ ಎಂದು ಹೆದರಿ, ಅಲುಗದೆ, ಒಂದು ಕೈಯಿಂದ ಬಲೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಇನ್ನೊಂದು ಕೈ ಬಂದೂಕಿನ ಮೇಲೆ. ಏನಾದರೂ ಆಗಲಿ, ನಾನು ಏಳುವುದಿಲ್ಲ. ಎದ್ದೆ ಅಂದರೆ ಭಾನುವಾರ ಹೋಯಿತು.

ನಾಯಕ ಕಂಬದ ಮರೆಯಿಂದ ತಲೆ ಹಾಕಿ ನೋಡಿದ. ಅವನಿಗೆ ಕಂಡದ್ದು ಒಣಹುಲ್ಲು ಮೇಯುತ್ತಿರುವ ಆವು. ಅದರ ಬಾಯ ಕೆಳಗೆ ಹೆಂಗಸೊಬ್ಬಳಿದ್ದಾಳೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಹೊರಗೆ ಬಂದ. ಸುತ್ತ ನೋಡಿದ. ಬಂದೂಕನ್ನು ಕಂಬಕ್ಕೆ ಒರಗಿಸಿ, ಬಗ್ಗಿ ಎರಡೂ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಕಣ್ಣುಮುಚ್ಚಿ ಕೈ ಮುಗಿದ.

ಕೈ ಮುಗಿದವನಿಗೆ ಹೊಡೆಯಬಹುದೇ ಎಂದು ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಬಾಯಿ ಅಲುಗುತ್ತಿತ್ತು, ಗೆಲ್ಲಿಸು ಎಂದೇ ಕೇಳುತ್ತಿದ್ದಿರಬೇಕು. ಅದೇ ಆವಿಗೆ ನಾನು ಬೆನ್ನ ಮೇಲಿನದನ್ನೆಲ್ಲ ಬಡಿಸುತ್ತಿದ್ದೇನೆ. ಕೇಳುವವನಿಗಿಂತ ಕೊಟ್ಟವಳಿಗೆ ಹಕ್ಕು ಹೆಚ್ಚು ಎಂದುಕೊಂಡು ಹೊಡೆದೆ.

ಅವನ ಅಂಗಿಯ ಮೂರನೆಯ ಗುಂಡಿಯ ಹತ್ತಿರ ಬಿತ್ತು. ಅವನು ಬೆಚ್ಚಿ ಕಣ್ಣು ತೆರೆದ. ಎದೆ ಉಜ್ಜಿಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರೂ ಇಲ್ಲ. ‘ಹಿಟ್’ ಅನ್ನಲಿಲ್ಲ. ಮೆಲ್ಲಗೆ ಬಗ್ಗಿ ಶೂಗೆ ಕೈ ಹಾಕಿದ.

ಇದನ್ನು ನೋಡಿ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

“ಏಯ್! ತಗುಲ್ಲಿಲ್ವಾ?” ಎಂದೆ.

ಹುಲ್ಲು ಮಾತಾಡಿದ್ದನ್ನು ಕೇಳಿ ಅವನು ಒಂದು ಮಾರು ಹಿಂದಕ್ಕೆ ಹಾರಿದ. ಆವೂ ಬೆಚ್ಚಿ, ಮತ್ತೆ ಹತ್ತಿರ ಬಂದು, ತಲೆಯ ಮೇಲಿನ ಸೊಪ್ಪೆಗೆ ಬಾಯಿ ಹಾಕಿತು. ನಾನು ಮೊಣಕಾಲೂರಿ ಎದ್ದೆ.

“ಪಾಟೀ! ನೀವಾ!”

“ನಾನೇ. ತಗುಲ್ತಾ ಇಲ್ವಾ?”

“ಕೈ ಮುಗ್ದು ಸಾಮಿ ಕುಂಬಿಡುವಾಗ ಹೊಡಿಯೋದಾ? ಇದು ನ್ಯಾಯನಾ?”

“ನ್ಯಾಯ ಆಮೇಲೆ ಮಾತಾಡವಾ. ಕೇಳಿದ್ದಕ್ಕೆ ಹೇಳು.”

“ಅದು… ಗಾಳಿ…”

“ನನ್ನ ನೋಡ್ಬೇಡ. ಇವ್ಳ ನೋಡು.” ಆವಿನ ಕಡೆ ಕೈ ತೋರಿಸಿದೆ. “ಬರಿಗಾಲಲ್ಲಿ ನಿಂತಿದ್ದೀಯ. ಇವ್ಳ ಮುಂದೆ ಹೇಳು. ಗಾಳಿ ಅಂತ ಇವ್ಳ ಮುಂದೆ ಹೇಳಿದ್ರೆ ನಾ ಗಾಳಿ ಅಂತ ಒಪ್ಕೊತೀನಿ.”

ಆವು ನುರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಗರಿ ಅದರ ಬಾಯಿಂದ ನೇತಾಡುತ್ತಿತ್ತು. ಅವನು ಅದನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ. ತಲೆಗೂದಲಿಗೆ ಕೈ ಹಾಕಿ ಕೆದರಿಕೊಂಡ. ಆಮೇಲೆ ಬಾಯಿಂದ ಬಂದದ್ದು ತಮಿಳಲ್ಲ.

“ಬಿತ್ತು ಅಜ್ಜೀ. ನನ್ ಮೇಲೇ ಬಿತ್ತು.”

“ನಂಗಲ್ಲ. ಮರಕ್ಕೆ ಕೇಳೋ ಹಂಗೆ ಹೇಳು.”

ಅವನು ಕೈ ಎತ್ತಿದ. ಮೊದಲ ಸಲ ‘ಹಿಟ್’ ಎಂದದ್ದು ಗಂಟಲಲ್ಲೇ ಉಳಿಯಿತು. ಎರಡನೆಯ ಸಲ ಬೆಟ್ಟಕ್ಕೆ ಬಡಿದು ಬಂತು.

ಅದರ ಹಿಂದೆಯೇ ನನ್ನ ತೊಡೆಗೆ ಚುರುಕ್ಕೆಂದಿತು. ನಾನು ಎದ್ದು ನಿಂತು ಪಂಚಾಯಿತಿ ಮಾಡುತ್ತಿದ್ದೆ, ಪಂಪ್‌ಮನೆಯ ಹಿಂದಿದ್ದವನು ಬಂದು ಹೊಡೆದಿದ್ದ. ಇವನನ್ನು ಒಪ್ಪಿಸಿದ ಬಾಯಿಂದ ನಾನು ಬೇರೆ ಏನು ಹೇಳುವುದು? ನಾನೂ ಕೈ ಎತ್ತಿ “ಹಿಟ್” ಎಂದೆ. ಇಬ್ಬರೂ ಕೈ ಎತ್ತಿಕೊಂಡು ಮರದ ಕಡೆಗೆ ನಡೆದೆವು. ಅವನು ಶೂ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದ. ನಮ್ಮ ಹಿಂದೆ ಆವು, ನನ್ನ ಸೊಂಟದ ಮೇಲೆ ಉಳಿದದ್ದನ್ನು ನಡೆಯುತ್ತಲೇ ಎಳೆಯುತ್ತಾ ಬಂತು.

“ಅಜ್ಜೀ, ನಿಮ್ ಅಂಗಿ ಪೂರ್ತಿ ಹೋಯ್ತದೆ” ಎಂದ ಅವನು.

“ಹೋಗ್ಲಿ. ಒಳಗೆ ಸೀರೆ ಉಟ್ಟಿದ್ದೀನಿ.”

“ನಮ್ಮಜ್ಜಿಗೆ ಹೇಳ್ಬೇಡಿ, ಆಯ್ತಾ?”

“ಏನ ಹೇಳ್ಬಾರ್ದು? ಸೋತದ್ದಾ, ಇಷ್ಟು ದಿನ ಗಾಳಿ ಅಂದದ್ದಾ?”

ಅವನು ಶೂಗಳನ್ನು ಇನ್ನೊಂದು ಕಂಕುಳಿಗೆ ದಾಟಿಸಿ ಬೇಗಬೇಗ ನಡೆದ.

ಮರದಡಿ ಸೋತ ಎಲ್ಲರೂ ನಮ್ಮ ಮೆರವಣಿಗೆ ನೋಡಿ ಎದ್ದು ನಿಂತರು. ನಾನು ಕೂರಲಿಲ್ಲ, ಪಂಪ್‌ಮನೆಯ ಕಡೆ ನೋಡುತ್ತಾ ನಿಂತೆ. ಬಲಗಣ್ಣು ಅಷ್ಟು ದೂರ ಚೆನ್ನಾಗಿ ಕಾಣುತ್ತದೆ. ನನ್ನನ್ನು ಹೊಡೆಯಲು ಪಂಪ್‌ಮನೆ ಬಿಟ್ಟು ಬಂದವನು ಇನ್ನೂ ಕಾಲುವೆಯ ನಡುವೆ ನಿಂತು, ನಾಯಕ ಹಿಟ್ ಎಂದದ್ದು ನಿಜವೋ ನಾಟಕವೋ ಎಂದು ನಮ್ಮನ್ನೇ ನೋಡುತ್ತಿದ್ದ. ಅವನ ಆಯುಷ್ಯದಲ್ಲಿ ನಾಯಕನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲಿರಬೇಕು. ಅವನ ಬೆನ್ನ ಹಿಂದೆ, ಬೇಲಿ ಮೂಲೆಯ ಹುಲ್ಲಿನಿಂದ ಮೊಮ್ಮಗಳು ಎದ್ದು ಓಡಿದಳು. ಪಂಪ್‌ಮನೆಯ ಬಾಗಿಲಲ್ಲಿ ಕೆಂಪು ಬಟ್ಟೆ ಹಾರಿತು. ಆಗ ಅವನು ತಿರುಗಿದ, ಹೊಡೆದ, ಅವಸರದಲ್ಲಿ ಕಂಬಕ್ಕೆ ಹೊಡೆದ. ಮೊಮ್ಮಗಳು ಒಂದೊಂದೇ ಕಂಬದ ಮರೆ ಹಿಡಿದು, ಕೊನೆಗೆ ಮರೆಯನ್ನೂ ಬಿಟ್ಟು, ಬಾಯ್ತೆರೆದು ಓಡಿ ಬಂದಳು. ಬಾವುಟವನ್ನು ಬೇವಿನ ಮರಕ್ಕೆ ಒತ್ತಿ ಹಿಡಿದು, ಮಾತಾಡಲಾಗದೆ ಬಗ್ಗಿ ನಿಂತಳು.

ನಾನು ಬೆನ್ನು ತಟ್ಟಲಿಲ್ಲ. ನೀರು ಕೊಟ್ಟೆ.

ಗಲಾಟೆ ಆಗದೆ ಇರುತ್ತದೆಯೇ? ಹುಡುಗರಲ್ಲಿ ಒಬ್ಬ, ದನ ಬಿಟ್ಟು ಆಡಿದ್ದು ಮೋಸ ಎಂದ. ಇನ್ನೊಬ್ಬ, ಕೈ ಮುಗಿದವನಿಗೆ ಹೊಡೆದದ್ದು ಪಾಪ ಎಂದ. ಪಾಪ ನನ್ನ ಲೆಕ್ಕಕ್ಕೆ, ಭಾನುವಾರ ಈ ಹುಡುಗಿಯರ ಲೆಕ್ಕಕ್ಕೆ ಎಂದೆ. ಮೈದಾನದವನು ತಲೆ ಕೆರೆದು, ಆಟದ ನಿಯಮದಲ್ಲಿ ದನದ ವಿಷಯ ಏನೂ ಇಲ್ಲವಲ್ಲಾ ಎಂದ. ಎಲ್ಲರೂ ನಾಯಕನ ಬಾಯಿ ನೋಡಿದರು. ಅವನು ಕಲ್ಲಿನ ಮೇಲೆ ಕೂತು ಶೂವಿನ ದಾರ ಕಟ್ಟುತ್ತಿದ್ದ. ಆವು ಅಷ್ಟರಲ್ಲಿ ಗೇಟು ದಾಟಿ ಹೋಗಿತ್ತು. ಈಗ ಇಲ್ಲ ಅಂದರೂ ಅನ್ನಬಹುದಾಗಿತ್ತು.

“ವಿಡ್ರಾ, ಬಿಡ್ರೋ” ಎಂದ, ತಲೆ ಎತ್ತದೆ. “ಬಿತ್ತು ಅಂದ್ನಲ್ಲ. ಬಿತ್ತು.”

ಭಾನುವಾರ ನಮ್ಮದಾಯಿತು.

ಮನೆಗೆ ಬಂದ ಮೇಲೆ ಮೊಮ್ಮಗಳು ಅಂಗಿಯನ್ನು ಜಗಲಿಯ ಮೇಲೆ ಹರಡಿ ನೋಡಿದಳು. ಹರಡುವುದಕ್ಕೆ ಏನಿತ್ತು? ಎರಡು ತೋಳು, ಒಂದು ಅಂಚು, ಮಧ್ಯೆ ಜೊಲ್ಲು. ಅವಳ ಕಣ್ಣಲ್ಲಿ ನೀರು ಬಂತೋ ನಗು ಬಂತೋ, ಎರಡೂ ಒಂದೇ ಥರ ಕಂಡಿತು. ನನ್ನ ಗಂಡ ಬಂದು ನೋಡಿ, “ದೇವ್ರಿಗೆ ಅಂಗಿ ಕೊಟ್ಟೋರು ಉಂಟು, ದೇವ್ರೇ ಕಿತ್ಕೊಂಡದ್ದು ಇದೇ ಮೊದ್ಲು” ಎಂದರು.

“ಇನ್ಮೇಲೆ ಸೊಪ್ಪೆ ಕಟ್ಬೇಡ ಅಜ್ಜೀ” ಎಂದಳು ಮೊಮ್ಮಗಳು. “ನಾನ್ ಹೇಳಿದ್ದು ಕೇಳಿದ್ರೆ ಅಂಗಿ ಉಳೀತಿತ್ತು.”

ಅವಳು ಹೇಳಿದ್ದು ಸರಿ. ಕೇಳಿದ್ದರೆ ಅಂಗಿ ಉಳಿಯುತ್ತಿತ್ತು. ಆಟ ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಅವಳೊಂದಿಗೆ ಆ ವಾದಕ್ಕೆ ಹೋಗಲಿಲ್ಲ. ಆವು ಪ್ರತಿ ವಾರ ಬರುವುದಿಲ್ಲ. ಬರಲಿ ಎಂದು ಸೊಪ್ಪೆ ಕಟ್ಟಿಕೊಂಡು ಕಾದರೆ ಅದು ಆಟವಲ್ಲ.

ಹೊಸ ಬಲೆ ತಂದೆವು. ಗಂಟು ಅವಳು ಹಾಕುತ್ತಾಳೆ, ನಾರು ನಾನು ಬಿಡಿಸುತ್ತೇನೆ. ಈ ಸಲ ತೆಂಗಿನ ನಾರು, ಗೋಣಿ, ನಾಲ್ಕೇ ಎಸಳು ಒಣಹುಲ್ಲು, ಅದನ್ನೂ ಅಲ್ಲಿಯೇ ಕಿತ್ತು ಸಿಕ್ಕಿಸುವುದು. ಅಂಗಿ ಮುಗಿದ ಮೇಲೆ ಬೇವಿನ ಹಿಂಡಿ ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತೇನೆ. ಅದನ್ನು ಯಾವ ದನವೂ ಮೂಸಿ ನೋಡುವುದಿಲ್ಲ. ಮೊಮ್ಮಗಳು ಮೂಗು ಮುಚ್ಚಿಕೊಂಡು, ಈ ನಾತಕ್ಕೇ ಹುಡುಗರಿಗೆ ನಾವಿರುವ ಜಾಗ ಗೊತ್ತಾಗುತ್ತದೆ ಎನ್ನುತ್ತಾಳೆ. ಬೇವಿನ ಮರದ ಕಡೆಯಿಂದ ಗಾಳಿ ಬೀಸುವಾಗ ಮಲಗಿದರೆ ಗೊತ್ತಾಗುವುದಿಲ್ಲ. ನಾತ ಹೊಡೆದರೆ ಹೊಡೆಯಲಿ. ಭಾನುವಾರ ಬೆಳಿಗ್ಗೆ ಅವಳಿಗಿಂತ ಮೊದಲು ನಾನೇ ಎದ್ದು, ಬೂದಿ ಕಲಸಿ, ಮೂಗುತಿಗೆ ಪಟ್ಟಿ ಅಂಟಿಸಿಕೊಂಡು ಕೂತಿರುತ್ತೇನೆ.